ಸಾಮಾನ್ಯ ರೈಲಿನ ಸ್ವಿಟ್ಜರ್ಲೆಂಡ್

ಸ್ವಿಟ್ಜರ್ಲೆಂಡಿಗೆ ಹೊರಟವರು ಮೊದಲು ಕೇಳುವುದು ಊಟದ ಖರ್ಚನ್ನು. ನಾನು ಮೊದಲು ಹೇಳುವುದು ರೈಲಿನ ವಿಷಯವನ್ನು. ಆ ದೇಶದಲ್ಲಿ ಊಟದಲ್ಲಿ ಉಳಿಸಬಹುದು, ಮಲಗುವ ಕೋಣೆಯಲ್ಲೂ ಉಳಿಸಬಹುದು. ಓಡಾಟಕ್ಕೆ ಕೈ ಬಿಗಿಹಿಡಿದರೆ ಅಲ್ಲಿಗೆ ಹೋಗಿದ್ದೇ ದಂಡ. ಹಾಗೆಂದು ದುಬಾರಿ ಗಾಡಿಯನ್ನೇ ಹತ್ತಬೇಕಿಲ್ಲ.

ಬೆರ್ನಿನಾ ಮಾರ್ಗವನ್ನೇ ನೋಡಿ. ಪ್ರವಾಸಿ ಕಂಪನಿಗಳು ಮಾರುವುದು ಗಾಜಿನ ಚಾವಣಿಯ ಬೆರ್ನಿನಾ ಎಕ್ಸ್‌ಪ್ರೆಸ್ಸನ್ನು. ಅದಕ್ಕೆ ಟಿಕೆಟ್ಟಿನ ಮೇಲೆ ಸೀಟು ಕಾಯ್ದಿರಿಸುವ ಹಣವನ್ನೂ ಕಟ್ಟಬೇಕು. ಅದೇ ಹಳಿಯ ಮೇಲೆ ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ತಿರಾನೊಗೆ ಊರಿನವರು ಓಡಾಡುವ ಕೆಂಪು ರೈಲೂ ಹೋಗುತ್ತದೆ. ಅದರಲ್ಲಿ ಸೀಟು ಕಾಯ್ದಿರಿಸುವ ಗೋಜಿಲ್ಲ. 1910ರಲ್ಲಿ ಪೂರ್ಣಗೊಂಡ ಈ ಹಳಿ 2,253 ಮೀಟರ್ ಎತ್ತರದ ಓಸ್ಪಿಸಿಯೊ ಬೆರ್ನಿನಾ ನಿಲ್ದಾಣಕ್ಕೆ ಏರಿ, ಅಲ್ಲಿಂದ 429 ಮೀಟರಿನ ತಿರಾನೊಗೆ ಇಳಿಯುತ್ತದೆ. ನಡುವೆ ಹಲ್ಲುಹಳಿಯ ಆಸರೆ ಎಲ್ಲೂ ಇಲ್ಲ. ಕಡಿದಾದ ಇಳುಕಲನ್ನು ರೈಲು ಸುತ್ತಿಬಳಸಿ ಇಳಿಯುತ್ತದೆ. ಬ್ರೂಸಿಯೊದಲ್ಲಿ ಒಂಬತ್ತು ಕಮಾನಿನ ಸೇತುವೆಯ ಮೇಲೆ ಹಾದು ಪೂರ್ತಿ ಒಂದು ಸುತ್ತು ತಿರುಗಿ, ತಾನು ಬಂದ ದಾರಿಯ ಕೆಳಗೇ ನುಸುಳುತ್ತದೆ. 2008ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಮಟ್ಟಿಗೆ ಕೆಂಪು ರೈಲೇ ಮೇಲು, ಹಣದ ಲೆಕ್ಕ ಬಿಟ್ಟರೂ ಮೇಲು. ಗಾಜಿನ ಬೋಗಿಯ ಕಿಟಕಿ ತೆರೆಯುವುದಿಲ್ಲ, ಫೋಟೊದಲ್ಲಿ ನಮ್ಮದೇ ಪ್ರತಿಬಿಂಬ ಬೀಳುತ್ತದೆ. ಸಾಮಾನ್ಯ ರೈಲಿನ ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಿ ಹಿಮದ ಗಾಳಿಗೆ ಮುಖವೊಡ್ಡಬಹುದು. ದಾರಿಯಲ್ಲಿ ಸಿಗುವ ಆಲ್ಪ್ ಗ್ರೂಮ್‌ನಲ್ಲಿ ಮನಸ್ಸು ನಿಂತರೆ ಇಳಿದು, ಹಿಮನದಿ ನೋಡಿ, ಮುಂದಿನ ರೈಲು ಹಿಡಿಯಬಹುದು. ಇನ್ನೊಂದು ಪ್ರವಾಸಿ ರೈಲಾದ ಗ್ಲೇಸಿಯರ್ ಎಕ್ಸ್‌ಪ್ರೆಸ್ಸಿನ ಕಥೆಯೂ ಇದೇ: ಕೆಲವು ಕಡೆ ರೈಲು ಬದಲಿಸುವ ತಾಳ್ಮೆಯಿದ್ದರೆ ಅದು ಹಾಯುವ ಕಣಿವೆಗಳೇ ಸಾಮಾನ್ಯ ಟಿಕೆಟ್ಟಿಗೇ ಸಿಗುತ್ತವೆ.

ಇನ್ನು ಪಾಸು. ಎಲ್ಲರೂ ಕಣ್ಣುಮುಚ್ಚಿ ಸ್ವಿಸ್ ಟ್ರಾವೆಲ್ ಪಾಸ್ ಕೊಳ್ಳುತ್ತಾರೆ. ದಿನಾ ದೂರ ಓಡಾಡಿ, ಮ್ಯೂಸಿಯಂಗಳನ್ನೂ ನೋಡುವವರಿಗೆ ಅದು ಸರಿ. ಒಂದೆರಡು ಊರಲ್ಲಿ ನೆಲೆನಿಂತು ಸುತ್ತುವವರಿಗೆ ಹಾಫ್ ಫೇರ್ ಕಾರ್ಡ್ ಲೇಸು. ಒಂದು ತಿಂಗಳು ರೈಲು, ಬಸ್ಸು, ಸರೋವರದ ದೋಣಿ ಅರ್ಧ ದರಕ್ಕೆ. ಬಹುಪಾಲು ಬೆಟ್ಟದ ರೈಲುಗಳೂ ಅಷ್ಟೇ. 3,454 ಮೀಟರ್ ಎತ್ತರದ ರೈಲು ನಿಲ್ದಾಣವಾದ ಯುಂಗ್‌ಫ್ರೌಯೋಖ್‌ಗೆ ಈ ಕಾರ್ಡು ಅರ್ಧ ದರ ಕೊಡುತ್ತದೆ, ದುಬಾರಿ ಪಾಸು ಕೊನೆಯ ಏರಿಗೆ ಕಾಲುಭಾಗ ಮಾತ್ರ ಕಡಿತ ಕೊಡುತ್ತದೆ. ಕಾರ್ಡಿನ ಜೊತೆಗೆ ಸೇವರ್ ಡೇ ಪಾಸನ್ನು ಮುಂಚಿತವಾಗಿ ಕೊಂಡರೆ ಇನ್ನೂ ಅಗ್ಗ. ದಿನ ಹತ್ತಿರವಾದಂತೆ ಅದರ ಬೆಲೆ ಏರುತ್ತದೆ. ಯುಂಗ್‌ಫ್ರೌಯೋಖ್ ಟಿಕೆಟ್ ಕೊಳ್ಳುವ ಮುನ್ನ ಅಲ್ಲಿನ ವೆಬ್ ಕ್ಯಾಮೆರಾ ನೋಡಿ. ಮೋಡವಿದ್ದರೆ ಲೌಟರ್‌ಬ್ರುನೆನ್ ಕಣಿವೆಗೆ ನಡೆಯಿರಿ. ಸುಮಾರು 300 ಮೀಟರಿನಿಂದ ಧುಮುಕುವ ಷ್ಟೌಬಾಖ್ ಜಲಪಾತಕ್ಕೆ ಟಿಕೆಟ್ಟೇ ಇಲ್ಲ.

ತಂಗುವ ಊರನ್ನು ಆರಿಸುವಾಗ ಒಂದು ಲೆಕ್ಕ ಮರೆಯಬಾರದು. ಬಾಸೆಲ್, ಬರ್ನ್ ನಗರಗಳಲ್ಲಿ ಹೋಟೆಲು, ಹಾಸ್ಟೆಲುಗಳ ಅತಿಥಿಗಳಿಗೆ ಊರೊಳಗಿನ ಟ್ರಾಮು, ಬಸ್ಸು ಉಚಿತ. ಟಿಚೀನೊ ಪ್ರಾಂತದಲ್ಲಂತೂ ಇಡೀ ಪ್ರಾಂತದ ಓಡಾಟವೇ ಉಚಿತ, ಕ್ಯಾಂಪಿನ ಡೇರೆಯಲ್ಲಿ ಮಲಗಿದವರಿಗೂ.

ಅಡುಗೆಮನೆ ಇರುವ ಹಾಸ್ಟೆಲ್ ಸಿಕ್ಕರೆ ಅವಲಕ್ಕಿ, ಚಟ್ನಿಪುಡಿ ಕೈಹಿಡಿಯುತ್ತವೆ. ತುಪ್ಪ, ಪೇಡೆ ಮಾತ್ರ ಬೇಡ. ನಮ್ಮ ದೇಶದಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಅನುಮತಿಯಿಲ್ಲ. ಮೊಸರು, ಬ್ರೆಡ್ಡು, ಚೀಸು ಮಿಗ್ರೋ, ಕೋಪ್ ಅಂಗಡಿಗಳಲ್ಲಿ ಸಿಗುತ್ತವೆ. ನೀರಿಗೆ ದುಡ್ಡು ಕೊಡಲೇಬೇಡಿ. ಜ್ಯೂರಿಕ್ ಒಂದರಲ್ಲೇ 1,200ಕ್ಕೂ ಹೆಚ್ಚು ಕಾರಂಜಿಗಳಿವೆ; ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ. ಸಣ್ಣ ಊರಿನಲ್ಲಿ ತಂಗಿದ್ದರೆ ಶನಿವಾರ ಸಂಜೆಯೇ ಎರಡು ದಿನಕ್ಕಾಗುವಷ್ಟು ಕೊಂಡಿಡಿ.