ಕರೆಂಟಿನ ಶ್ರುತಿ

ಸ್ಪೂಲು ಟೇಪಿನ ಮೊದಲ ಸುಖ ಬೆರಳಿಗೆ. ಕಿವಿಯ ಸರದಿ ಆಮೇಲೆ. ತುಂಬಿದ ಸ್ಪೂಲನ್ನು ಎಡಗಡೆ ಕೂರಿಸಿ, ಕಾಲು ಅಂಗುಲ ಅಗಲದ ಆ ಕಂದು ಪಟ್ಟಿಯನ್ನು ಮೊಳದುದ್ದ ಎಳೆದು, ಹೆಡ್ಡುಗಳ ಮುಂದಿನ ಸಂದಿಗೆ ಇಳಿಬಿಟ್ಟು, ಬಲಗಡೆಯ ಖಾಲಿ ಸ್ಪೂಲಿನ ಸೀಳಿಗೆ ತುದಿ ಸಿಕ್ಕಿಸಿ, ಕೈಯಲ್ಲೇ ಒಂದೆರಡು ಸುತ್ತು ಸುತ್ತಬೇಕು. ಹಳೆಯ ಟೇಪಿನ ಒಂದು ಮೈ ನುಣುಪಾಗಿ ಹೊಳೆಯುತ್ತದೆ, ಇನ್ನೊಂದು ಮೈ ಮಂಕು. ಹೆಡ್ಡಿಗೆ ತಾಗಬೇಕಾದದ್ದು ಮಂಕು ಮೈ. ಕಬ್ಬಿಣದ ಆಕ್ಸೈಡಿನ ಲೇಪ ಇರುವುದು ಅಲ್ಲೇ, ಹಾಡು ಇರುವುದೂ ಅಲ್ಲೇ. ಗುಂಡಿ ಒತ್ತಿದರೆ ಒಳಗೆಲ್ಲೋ ಠಕ್ ಅಂತ ಗಟ್ಟಿಯಾದ ಸದ್ದು. ರಬ್ಬರು ರೋಲರು ಮುಂದೆ ಬಂದು ಟೇಪನ್ನು ಉಕ್ಕಿನ ಕಂಬಿಗೆ ಒತ್ತಿ ಹಿಡಿಯುತ್ತದೆ. ಸಡಿಲವಾಗಿದ್ದ ಪಟ್ಟಿ ಬಿಗಿಯುತ್ತದೆ. ಎರಡೂ ಸ್ಪೂಲುಗಳು ಬೇರೆ ಬೇರೆ ಗತಿಯಲ್ಲಿ ತಿರುಗತೊಡಗುತ್ತವೆ. ಅದನ್ನು ನೋಡುತ್ತ ಕೂತರೆ ನನಗೆ ಎಷ್ಟೋ ಸಲ ಧ್ವನಿಯ ಕೀಲಿ ಏರಿಸುವುದೇ ಮರೆತುಹೋಗುತ್ತದೆ.

ನಾನಿರುವುದು ವಿಶಾಖಪಟ್ಟಣದ ಪಕ್ಕದ ಪರವಾಡದಲ್ಲಿ. ಒಂದು ಕಡೆ ಔಷಧ ಕಾರ್ಖಾನೆಗಳ ಫಾರ್ಮಾ ಸಿಟಿ, ಇನ್ನೊಂದು ಕಡೆ ಸಿಂಹಾದ್ರಿ ವಿದ್ಯುತ್ ಸ್ಥಾವರದ ಚಿಮಣಿಗಳು, ಆಚೆಗೆ ಸಮುದ್ರ. ಹೊಟ್ಟೆಪಾಡು ರಸಾಯನಶಾಸ್ತ್ರದ್ದು. ಮನೆಯಲ್ಲಿರುವ ಯಂತ್ರಗಳಲ್ಲಿ ನನಗೆ ಹೆಚ್ಚು ಪ್ರೀತಿಯವು ಎರಡು. 1960ರ ದಶಕದ ಆರಂಭದ ಗ್ರುಂಡಿಗ್ ಟಿಕೆ 14: ಜರ್ಮನಿಯ ವಾಲ್ವ್ ಯಂತ್ರ, ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರಿನ ಒಂದೇ ವೇಗ. ಇನ್ನೊಂದು 1977ರಲ್ಲಿ ಮಾರುಕಟ್ಟೆಗೆ ಬಂದ ಸ್ವಿಸ್ ಕುಲದ ರೆವಾಕ್ಸ್ ಬಿ77: ಮೂರು ಮೋಟಾರು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ, ತಪ್ಪು ಗುಂಡಿ ಒತ್ತಿದರೂ ಟೇಪು ಹರಿಯದಂತೆ ನೋಡಿಕೊಳ್ಳುವ ವಿವೇಕ. ಗ್ರುಂಡಿಗ್ ವಿಜಯವಾಡದ ಸತ್ಯನಾರಾಯಣಪುರಂನ ಒಂದು ಮನೆಯಿಂದ ಸ್ಪೂಲುಗಳ ಡಬ್ಬಿಗಳ ಸಮೇತ ಬಂತು. ಡಬ್ಬಿಯ ಬೆನ್ನಿನ ಮೇಲೆ ನೀಲಿ ಶಾಯಿಯ ದುಂಡನೆಯ ತೆಲುಗು ಅಕ್ಷರ. ರಾಗದ ಹೆಸರು ಉಳಿದಿದೆ, ಹಾಡಿದವರ ಹೆಸರು ಮಾಸಿದೆ.

ಆ ಮನೆಯವರು ಧ್ವನಿಮುದ್ರಿಸಿಕೊಂಡದ್ದು ಬಹುಪಾಲು ರೇಡಿಯೊದಿಂದ. ನಮಗೆ ಧಾರವಾಡದ ನಿಲಯ ಹೇಗೋ ಕೃಷ್ಣಾತೀರದವರಿಗೆ ವಿಜಯವಾಡದ್ದು ಹಾಗೆ. 1948ರಲ್ಲಿ ಶುರುವಾದದ್ದು, ವಿಶಾಖಪಟ್ಟಣಕ್ಕೆ ನಿಲಯ ಬಂದದ್ದು 1963ರಲ್ಲಿ. ಬಾಲಾಂತ್ರಪು ರಜನೀಕಾಂತರಾವ್ ವಿಜಯವಾಡದಲ್ಲಿ ನಿರ್ದೇಶಕರಾಗಿದ್ದರು, ವೋಲೇಟಿ ವೆಂಕಟೇಶ್ವರುಲು ಅಲ್ಲಿ ಸಂಗೀತ ಪಾಠ ಹೇಳಿಕೊಟ್ಟರು, ಬೆಳಗಿನ ಭಕ್ತಿರಂಜನಿಯಲ್ಲಿ ಬಾಲಮುರಳಿಕೃಷ್ಣ ಹಾಡಿದರು. 1975ರ ‘ಹಂಸಗೀತೆ’ಯಲ್ಲಿ ಹಾಡಿ, ಕನ್ನಡ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಅದೇ ಬಾಲಮುರಳಿ. ಕ್ಯಾಸೆಟ್ಟು ಇನ್ನೂ ಮನೆಮನೆಗೆ ಬಾರದ ಆ ಕಾಲದಲ್ಲಿ, ಪ್ರಸಾರವಾದದ್ದನ್ನು ಮತ್ತೆ ಕೇಳಬೇಕೆಂದರೆ ಹೀಗೊಂದು ಯಂತ್ರ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಅದರ ಮುಂದೆ ಕೂರಬೇಕಿತ್ತು.

ಇಂಥ ಯಂತ್ರವನ್ನು ಎಬ್ಬಿಸುವುದಕ್ಕೆ ಒಂದು ಕ್ರಮ ಇದೆ. ನೇರವಾಗಿ ಪ್ಲಗ್ಗಿಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಎಲೆಕ್ಟ್ರಿಷಿಯನ್ನರ ಸೀರೀಸ್ ಬಲ್ಬು ಸಾಕು: ನೂರು ವ್ಯಾಟಿನ ಹಳೆಯ ಬಲ್ಬನ್ನು ದಾರಿಯಲ್ಲಿ ಸೇರಿಸಿ ಕರೆಂಟು ಕೊಟ್ಟು ನೋಡಿ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಬಹುದು. ಆ ಕಾಲದ ಯುರೋಪಿನ ಯಂತ್ರಗಳಲ್ಲಿ ಹಳದಿ ಪಾರದರ್ಶಕ ಹೊದಿಕೆಯ ಕಾಗದದ ಕೆಪಾಸಿಟರುಗಳು ಕಂಡರೆ, ಚೆನ್ನಾಗಿಯೇ ಇವೆಯಲ್ಲ ಅನ್ನಿಸಿದರೂ ಕಿತ್ತು ಹೊಸವು ಹಾಕಿ. ಅವುಗಳ ಹೊದಿಕೆ ಸೀಳುತ್ತದೆ, ತೇವ ಒಳಗೆ ಹೋಗುತ್ತದೆ, ಒಂದು ದಿನ ಕೋಣೆ ತುಂಬ ಕಮಟು ಹೊಗೆ.

ಇನ್ನು ಬೆಲ್ಟು. ಹಳೆಯ ರಬ್ಬರು ಕರಗಿ ರಾಟೆಗಳಿಗೆಲ್ಲ ಹಲಸಿನ ಮೇಣದ ಹಾಗೆ ಹತ್ತಿಕೊಂಡಿರುತ್ತದೆ. ಮುಟ್ಟಿದ ಕೈ ಕಪ್ಪು, ಆ ಕೈ ಮುಟ್ಟಿದ್ದೆಲ್ಲ ಕಪ್ಪು. ಐಸೊಪ್ರೊಪೈಲ್ ಆಲ್ಕೋಹಾಲು ಅದನ್ನು ಬಿಡಿಸುತ್ತದೆ. ಹತ್ತಿ ಸುತ್ತಿದ ಕಡ್ಡಿ ಬಿಳಿಯಾಗಿಯೇ ಹೊರಗೆ ಬರುವವರೆಗೆ ಒರೆಸಬೇಕು. ನನ್ನ ಭಾನುವಾರಗಳು ಸಂತೋಷವಾಗಿ ಕಳೆಯುವುದು ಇದರಲ್ಲೇ. ಅದೇ ಆಲ್ಕೋಹಾಲು ಹೆಡ್ಡಿಗೂ ಆಗುತ್ತದೆ, ಉಕ್ಕಿನ ಕಂಬಿಗೂ ಆಗುತ್ತದೆ. ರಬ್ಬರು ರೋಲರಿಗೆ ಮಾತ್ರ ಸೋಪಿನ ನೀರೇ ಕ್ಷೇಮ. ಹೊಸ ಬೆಲ್ಟಿನ ಅಳತೆ ಹಿಡಿದು ಜಗದಾಂಬ ಜಂಕ್ಷನ್ನಿನ ಆಸುಪಾಸು ಅಲೆದಾಗ ಅಂಗಡಿಯ ಹುಡುಗ “ಇದು ಯಾವ ಮಿಕ್ಸಿದು ಸಾರ್?” ಅಂತ ಕೇಳಿದ. ಮಿಕ್ಸಿಯದೇ ಅಂದುಬಿಟ್ಟೆ. ವಿವರಿಸಹೊರಟಿದ್ದರೆ ಅವನ ವ್ಯಾಪಾರ ಕೆಡುತ್ತಿತ್ತು.

ಯಂತ್ರ ತಿರುಗಿತು, ಸದ್ದು ಬಂತು ಅನ್ನುವಲ್ಲಿಗೆ ರಿಪೇರಿ ಮುಗಿಯುತ್ತದೆ. ರಸ ಶುರುವಾಗುವುದು ಆಮೇಲೆ, ಹೆಡ್ಡಿನ ಪಕ್ಕದ ಒಂದು ಪುಟ್ಟ ಸ್ಕ್ರೂವಿನಿಂದ. ಹೆಡ್ಡಿನ ಮುಖದಲ್ಲಿ ಕೆಲವೇ ಮೈಕ್ರಾನಿನ ಒಂದು ನಿಲುವು ಸೀಳು ಇದೆ. ಅದು ಟೇಪಿನ ಓಟಕ್ಕೆ ಸರಿಯಾಗಿ ಲಂಬವಾಗಿ ನಿಲ್ಲಬೇಕು. ಲೆಕ್ಕ ನೋಡಿ: ಒಂಬತ್ತೂವರೆ ಸೆಂಟಿಮೀಟರ್ ವೇಗದಲ್ಲಿ 10,000 ಹರ್ಟ್ಸಿನ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 9.5 ಮೈಕ್ರಾನು. ಎರಡು ಮಿಲಿಮೀಟರ್ ಅಗಲದ ಹಾದಿಯಲ್ಲಿ ಸೀಳು ಕಾಲು ಡಿಗ್ರಿ ವಾಲಿದರೆ, ಮೇಲಂಚಿಗೂ ಕೆಳಂಚಿಗೂ ಹೆಚ್ಚುಕಡಿಮೆ ಅಷ್ಟೇ ಅಂತರ ಬೀಳುತ್ತದೆ. ಒಂದು ಇಡೀ ಅಲೆ ತನ್ನನ್ನು ತಾನೇ ಅಳಿಸಿಕೊಂಡಂತಾಯಿತು. ಕಣ್ಣಿಗೆ ಕಾಣದ ವಾಲಿಕೆ. ಕಿವಿಗೆ ಮಾತ್ರ ಕಂಬಳಿ ಹೊದ್ದ ಹಾಡು.

ಹಾಗಾಗಿ ಸ್ಕ್ರೂ ತಿರುಗಿಸುವಾಗ ಯಂತ್ರದ ಪುಸ್ತಕಕ್ಕಿಂತ ಆ ಟೇಪಿನ ಮಾತು ಕೇಳಬೇಕು. ಅದನ್ನು ಮುದ್ರಿಸಿದ ಹೆಡ್ಡು ಅಂದು ಎಷ್ಟು ವಾಲಿತ್ತೋ ಇಂದು ನನ್ನ ಹೆಡ್ಡೂ ಅಷ್ಟೇ ವಾಲಬೇಕು. ರೇಡಿಯೊದಿಂದ ಹಿಡಿದದ್ದರಲ್ಲಿ ವ್ಯತ್ಯಾಸ ಕಮ್ಮಿ, ಮೀಡಿಯಂ ವೇವಿನಲ್ಲಿ ಆ ಎತ್ತರದ ನಾದಗಳು ಮೊದಲೇ ಬರುತ್ತಿರಲಿಲ್ಲ. ಆದರೆ ಆ ಡಬ್ಬಿಗಳಲ್ಲಿ ಮನೆಯ ನಡುಕೋಣೆಯಲ್ಲಿ ಮೈಕು ಇಟ್ಟು ಹಿಡಿದ ಒಂದು ಬೈಠಕ್ಕೂ ಇದೆ. ಹೆಸರು ಮಾಸಿದ ಗಾಯಕ, ಪಕ್ಕಕ್ಕೆ ಪಿಟೀಲು, ಹಿಂದೆ ತಂಬೂರಿ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ. ಮೊದಲು ಬರುವುದು ‘ಸ’ಕಾರ: ಸಾಹಿತ್ಯದ ಸಕಾರಗಳಿಗೆ ಅಂಚು ಮೂಡುತ್ತದೆ. ಇನ್ನೂ ಚೂರು ತಿರುಗಿಸಿದರೆ ಪಿಟೀಲಿನ ಕಮಾನು ತಂತಿಯನ್ನು ಕಚ್ಚುವ ಒರಟು. ಮತ್ತೂ ಚೂರು. ಅಷ್ಟು ಹೊತ್ತೂ ಬರಿಯ ಗುಂಯ್ ಆಗಿದ್ದ ತಂಬೂರಿ, ಕುದುರೆಯ ಮೇಲಿನ ಜೀವಾಳಿ ದಾರ ಸಮೇತ, ಎಳೆ ಎಳೆಯಾಗಿ, ನಿಧಾನವಾಗಿ, ಪಂಚಮದಿಂದ ಷಡ್ಜಕ್ಕೆ, ಷಡ್ಜದ ಬೆನ್ನಿಗೇ ಏಳುವ ಅಂತರ ಗಾಂಧಾರಕ್ಕೆ, ಅರಳುತ್ತದೆ. ಅಲ್ಲಿ ಕೈ ತೆಗೆಯಬೇಕು. ಇನ್ನೊಂದು ಎಳೆ ಮುಂದೆ ಹೋದರೆ ಮುಚ್ಚಿತು.

ಹಳೆಯ ಸ್ಪೂಲುಗಳಲ್ಲಿ ಇನ್ನೊಂದು ಸೊಗಸಿದೆ. ಧ್ವನಿಮುದ್ರಣದವರು ಅದನ್ನು ದೋಷ ಅನ್ನುತ್ತಾರೆ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಕಾಂತತೆ ಪಕ್ಕದ ಪದರಕ್ಕೆ ನಸುವಾಗಿ ಅಂಟುತ್ತದೆ. ಗಾಯಕ ಬಾಯಿ ತೆರೆಯುವ ಮುಂಚೆಯೇ ಅವನ ದನಿಯ ನೆರಳು ಕೇಳುತ್ತದೆ. ಎಷ್ಟು ಮುಂಚೆ ಅನ್ನುವುದು ಸುತ್ತಿನ ಅಳತೆಯನ್ನು ಅವಲಂಬಿಸಿದೆ: ಸೆಕೆಂಡಿಗೆ 19 ಸೆಂಟಿಮೀಟರಿನಲ್ಲಿ ಓಡುವ ಏಳಂಗುಲದ ಸ್ಪೂಲಿನ ಹೊರಸುತ್ತಿನಲ್ಲಿ ಸುಮಾರು ಮೂರು ಸೆಕೆಂಡು, ಒಳಸುತ್ತಿಗೆ ಬಂದಾಗ ಒಂದೇ ಸೆಕೆಂಡು. ಕಚೇರಿ ಸಾಗಿದ ಹಾಗೆ ನೆರಳು ದನಿಯನ್ನು ಸಮೀಪಿಸುತ್ತ ಬರುತ್ತದೆ! ಬೈಠಕ್ಕಿನ ಆಲಾಪನೆಯಲ್ಲಿ ಒಂದು ಕಡೆ ಎಲ್ಲರೂ ಸುಮ್ಮನಾಗುತ್ತಾರೆ. ಆ ಬಿಡುವಿನಲ್ಲಿ, ಬಹುದೂರದಿಂದ ಅನ್ನುವಂತೆ, ಇನ್ನೂ ಹಾಡದ ತಾರಸ್ಥಾಯಿಯ ಷಡ್ಜ ಸುಳಿಯುತ್ತದೆ. ಬೇಡ ಅನ್ನುವವರು ಕೇಳುವ ಮುಂಚೆ ಒಮ್ಮೆ ಹಿಂದಕ್ಕೂ ಮುಂದಕ್ಕೂ ಸುತ್ತಲಿ, ನೆರಳು ತೆಳುವಾಗುತ್ತದೆ. ಹಾಡು ಮುಗಿದ ತುದಿ ಹೊರಗಿರುವಂತೆ ಸುತ್ತಿಟ್ಟರೆ ಬಲವಾದ ನೆರಳು ದನಿಯ ಹಿಂದೆ ಬಿದ್ದು ಅದರಲ್ಲೇ ಮುಚ್ಚಿಹೋಗುತ್ತದೆ. ನಾನೂ ಹಾಗೇ ಇಡುತ್ತೇನೆ, ಆ ಒಂದು ಸ್ಪೂಲು ಬಿಟ್ಟು.

ಈಗ ಚಿಮಣಿಗಳ ಮಾತಿಗೆ ಬರುತ್ತೇನೆ. ಸಿಂಹಾದ್ರಿಯಲ್ಲಿ ಐನೂರು ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಕರೆಂಟಿನ ಆವರ್ತನ 50 ಹರ್ಟ್ಸ್. ರಾಯಚೂರು, ಶರಾವತಿ, ವಿಜಯವಾಡದ ಪಕ್ಕದ ಇಬ್ರಾಹಿಂಪಟ್ಣಂ, ಎಲ್ಲವೂ ಒಂದೇ ಗ್ರಿಡ್ಡಿನಲ್ಲಿ ಒಂದೇ ತಾಳ ಹಿಡಿದು ತಿರುಗುತ್ತವೆ. ಗ್ರುಂಡಿಗ್ಗಿನಂಥ ಯಂತ್ರದ ಮೋಟಾರು ಈ ತಾಳವನ್ನೇ ಹಿಂಬಾಲಿಸುವಂಥದ್ದು. 2003ರ ಜನವರಿಯಲ್ಲಿ ಹೊಸ ದರಪದ್ಧತಿ ಬಂದು ಗ್ರಿಡ್ಡು ಶಿಸ್ತಿಗೆ ಬರುವ ಮುಂಚೆ, ದಕ್ಷಿಣದಲ್ಲಿ ಸಂಜೆ ಹೊರೆ ಏರಿದಾಗ ಆವರ್ತನ ನಲವತ್ತೆಂಟೂವರೆಯ ಸುತ್ತಮುತ್ತ ಇಳಿಯುತ್ತಿದ್ದುದು ಮಾಮೂಲು. ಅಂಥ ಸಂಜೆ ಟೇಪು ಶೇಕಡ ಮೂರರಷ್ಟು ನಿಧಾನವಾಗಿ ಓಡಿ ಹಾಡನ್ನು ಹಿಡಿದಿರುತ್ತದೆ. ಇಂದಿನ ಸರಿಯಾದ ವೇಗದಲ್ಲಿ ಕೇಳಿದರೆ ಗಾಯಕ ಹಾರ್ಮೋನಿಯಂನ ಅರ್ಧ ಮನೆ ಮೇಲೇರಿ, ಸ್ವಲ್ಪ ಅವಸರದಲ್ಲಿ, ಗಂಟಲು ಬಿಗಿದು ಹಾಡಿದಂತಿರುತ್ತದೆ.

ಎಷ್ಟು ಇಳಿಸಬೇಕು? ಟೇಪಿನಲ್ಲಿ ಕೇಳುವ ಕರೆಂಟಿನ ಗುಂಯ್‌ಗಾನವನ್ನು ಅಳೆದರೆ ಗೊತ್ತಾಗುವುದಿಲ್ಲ. ಅಂದಿನ ಗುಂಯ್‌ಗಾನವೂ ಟೇಪಿನ ಓಟವೂ ಒಂದೇ ಕರೆಂಟಿನದಾದ್ದರಿಂದ ಅದು ಯಾವತ್ತೂ ಸಾಧುವಾಗಿ ಐವತ್ತೇ ತೋರಿಸುತ್ತದೆ. ನೆರವಿಗೆ ಬರುವುದು ಆಕಾಶವಾಣಿಯ ವಾರ್ತೆಗೆ ಮುಂಚಿನ ಪಿಪ್ ಸದ್ದು; ಅದು ಗಡಿಯಾರದ ಕೂಸು, ಗ್ರಿಡ್ಡಿನ ಹಂಗಿಲ್ಲ. ಸ್ಟುಡಿಯೊದಿಂದ ನೇರವಾಗಿ ಬಂದ ಒಂದು ರಾತ್ರಿಯ ಕಚೇರಿಯ ಸ್ಪೂಲಿನಲ್ಲಿ, ಪುಣ್ಯಕ್ಕೆ, ಆ ಪಿಪ್ಪುಗಳೂ ಸೇರಿಕೊಂಡಿವೆ. ರೆವಾಕ್ಸಿನ ಮುಖ್ಯ ಮೋಟಾರಿಗೆ ತನ್ನದೇ ವೇಗ ನಿಯಂತ್ರಣವಿದೆ, ಹಿಂಬದಿಯ ಸಾಕೆಟ್ಟಿನಿಂದ ಅದನ್ನು ಏರಿಳಿಸಬಹುದು. ಪಿಪ್ಪಿಗೂ ಪಿಪ್ಪಿಗೂ ಸರಿಯಾಗಿ ಒಂದು ಸೆಕೆಂಡು ಆಗುವಷ್ಟು ಇಳಿಸಿದೆ. ಗುಂಯ್‌ಗಾನ ಅಳೆದರೆ ನಲವತ್ತೆಂಟೂವರೆ! ಆ ರಾತ್ರಿ ಊರೂರಿನ ದೀಪಗಳು ಎಷ್ಟು ಬಳಲಿದ್ದವು ಅನ್ನುವುದೂ ಟೇಪಿನಲ್ಲಿ ಬರೆದಿತ್ತು. ವಾರ್ತೆ ದಾಟಿ ಕಚೇರಿ ಬಂತು. ಅರ್ಧ ಮನೆ ಕೆಳಗೆ, ಅಗಲವಾದ ಎದೆಯಿಂದ, ಆತುರವಿಲ್ಲದೆ, ಮಂದ್ರದ ಪಂಚಮದ ಮೇಲೆ ಒಂದಿಷ್ಟು ಹೊತ್ತು ಕೂತು, ಕಾಂಬೋಧಿ ಎದ್ದಿತು. ಕಂಪ್ಯೂಟರಿನಲ್ಲಿ ಇದೇ ಕೆಲಸ ಕ್ಷಣದಲ್ಲಿ ಆಗುತ್ತದೆ ಅನ್ನುವ ಗೆಳೆಯರಿದ್ದಾರೆ. ಆಗಲಿ. ಕೀಲಿ ಹಿಡಿದ ಬೆರಳಿನ ಅಡಿಯಲ್ಲೇ ಒಬ್ಬ ಗಾಯಕನ ಗಂಟಲು ಸಡಿಲವಾಗುವುದನ್ನು ಅವರು ಕೇಳಿಲ್ಲ.

ನಿಮ್ಮ ಅಟ್ಟದ ಮೇಲೆ ಸ್ಪೂಲುಗಳಿದ್ದರೆ ಯಂತ್ರಕ್ಕೆ ಹಾಕುವ ಮುಂಚೆ ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅದು ಅಸಿಟೇಟು, ಕೆಡತೊಡಗಿದೆ, ತಡಮಾಡಬೇಡಿ. ಸ್ಪೂಲನ್ನು ಬೆಳಕಿಗೆ ಅಡ್ಡ ಹಿಡಿದರೆ ಸುತ್ತುಗಳ ಮೂಲಕ ಬೆಳಕು ಹಾಯುವುದೂ ಅಸಿಟೇಟೇ. ಅದು ತುಂಡಾದರೆ ನೀಟಾಗಿ ತುಂಡಾಗುತ್ತದೆ, ಓರೆಯಾಗಿ ಕತ್ತರಿಸಿ ಅಂಟಿಸಬಹುದು. ಪಾಲಿಯೆಸ್ಟರು ತುಂಡಾಗುವ ಮುಂಚೆ ಹಿಗ್ಗುತ್ತದೆ. ಹಿಗ್ಗಿದ ಹಾಡು ಮತ್ತೆ ಕುಗ್ಗುವುದಿಲ್ಲ. ಓಡಿಸಿದಾಗ ಕೀರಲು ಸದ್ದು ಬಂದು ಹೆಡ್ಡಿನ ಮೇಲೆ ಕಂದು ಅಂಟು ಕೂತರೆ ಕೂಡಲೇ ನಿಲ್ಲಿಸಿ. ನಮ್ಮ ಕರಾವಳಿಯ ತೇವ ಕುಡಿದು ಲೇಪದ ಅಂಟು ಜಲವಿಭಜನೆಯಾಗಿದೆ. ಎಪ್ಪತ್ತು, ಎಂಬತ್ತರ ದಶಕಗಳ ಆಂಪೆಕ್ಸ್ 456 ಇದಕ್ಕೆ ಹೆಸರಾದದ್ದು. 54 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ತಾಪ ಏರಿಳಿಯದ ಓವನ್ನಿನಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಕೆಲವು ವಾರದ ಮಟ್ಟಿಗೆ ಟೇಪು ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ನಕಲು ತೆಗೆದುಬಿಡಬೇಕು. ಅಸಿಟೇಟನ್ನು ಮಾತ್ರ ಓವನ್ನಿನ ಹತ್ತಿರಕ್ಕೂ ಒಯ್ಯಬೇಡಿ. ಡಬ್ಬಿಯ ಮೇಲಿನ ಬರಹ ಇನ್ನೂ ಓದಲು ಬರುತ್ತಿದ್ದರೆ ಇವತ್ತೇ ಪೆನ್ಸಿಲಿನಲ್ಲಿ ಬೇರೆ ಕಾಗದಕ್ಕೆ ಇಳಿಸಿಕೊಳ್ಳಿ, ಹಾಡಿದವರ ಹೆಸರು ಮೊದಲು.