ಗದಾಯುದ್ಧದಲ್ಲಿ ಸ್ಮೃತಿವ್ಯಾಪಾರ

ಮುಧೋಳ ಸೀಮೆಯ ಬೆಳಗಲಿಯು ತನ್ನ ಹೆಸರಿನಲ್ಲಿಯೇ ಧರಿಸಿರುವ ರನ್ನಕವಿಯು ಭಾರತಕಥೆಯನ್ನು ಸಿಂಹಾವಲೋಕನಕ್ರಮದಿಂದ ಹೇಳಿದನೆಂಬುದು ಸುಪ್ರಸಿದ್ಧವಾಗಿದೆ. ಆದರೆ ಈ ಕ್ರಮವನ್ನು ಕೇವಲ ಕಥಾಸಂಗ್ರಹದ ಉಪಾಯವೆಂದೆಣಿಸಿದರೆ ಸಾಲದು.

ರಣರಂಗದಲ್ಲಿ ದುಶ್ಶಾಸನನ ಕಳೇಬರವನ್ನು ಕಂಡ ದುರ್ಯೋಧನನು, ತಾಯ ಮೊಲೆಹಾಲನ್ನೂ ಬಳಿಕ ಇತರ ಭೋಜ್ಯಗಳನ್ನೂ ಮೊದಲು ತಾನು, ಅನಂತರ ತಮ್ಮನು ಸವಿದುದನ್ನು ನೆನೆದು, ಸಾವಿನಲ್ಲಿ ಮಾತ್ರ ಆ ಕ್ರಮವು ತಲೆಕೆಳಗಾಯಿತೆಂದು ಪ್ರಲಾಪಿಸುವನು. ಶೈಶವದಲ್ಲಿ ಆ ಹಿಂದುಮುಂದಿಗೆ ವಿಶೇಷಾರ್ಥವೇನೂ ಇರಲಿಲ್ಲ. ಅರ್ಥವನ್ನು ಕೊಟ್ಟುದು ಈಗಿನ ಮರಣ.

ಸ್ಮೃತಿಯು ಗತಾನುಭವದ ಪಡಿಯಚ್ಚಲ್ಲ, ಪ್ರಸ್ತುತದ ಭಾವಾಸಕ್ತಿಗಳಿಗೆ ಅನುಗುಣವಾಗಿ ಮನಸ್ಸು ಮತ್ತೆ ಕಟ್ಟುವ ರಚನೆಯೆಂದು ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ಟನು 1932ರಲ್ಲಿ ಪ್ರಯೋಗಪೂರ್ವಕವಾಗಿ ಪ್ರತಿಪಾದಿಸಿದನು. ಇಷ್ಟರಿಂದ ರನ್ನನು ಹತ್ತನೆಯ ಶತಮಾನದಲ್ಲಿಯೇ ಈ ಶಾಸ್ತ್ರವನ್ನು ಕಂಡಿದ್ದನೆನ್ನುವುದು ಅತಿಶಯೋಕ್ತಿಯಾದೀತು. ಶಾಸ್ತ್ರವು ಹೇಳುವುದು ನೆನಪಿನ ಸಾಮಾನ್ಯನಿಯಮವನ್ನು. ಕವಿಯು ಕಾಣಿಸುವುದು ಒಬ್ಬ ಅಣ್ಣನ ನೆನಪನ್ನು. ಕರುಣರಸದ ಸ್ಥಾನವನ್ನು ನಿಯಮವು ತುಂಬಲಾರದು. ಆದರೂ ನಿಯಮವನ್ನರಿತು ಓದುವವನಿಗೆ ಆ ಪ್ರಲಾಪವು ಬರಿಯ ಉಕ್ತಿಚಮತ್ಕಾರವಾಗಿ ತೋರದು. ಎದೆಯೊಡೆದವನು ತನ್ನ ಗತಕಾಲವನ್ನು ಮತ್ತೆ ಓದಿಕೊಳ್ಳುವ ಬಗೆಯಾಗಿ ತೋರುವುದು.

ಆದುದರಿಂದ ಸಿಂಹಾವಲೋಕನವು ಕಥೆಯ ಕ್ರಮವಷ್ಟೇ ಅಲ್ಲ. ಶೋಕಿಸುವ ಮನಸ್ಸಿನ ಕ್ರಮವೂ ಅಹುದು. ಗದಾಯುದ್ಧವನ್ನು ಪಾಠಹೇಳುವವರು ಇದನ್ನು ಮರೆಯಲಾಗದು.