ಇಟಗಿಗೆ ಹೋದರೆ ಮೊದಲು ತಲೆ ಎತ್ತಿ

ಇಟಗಿಯ ಮಹಾದೇವ ದೇವಾಲಯಕ್ಕೆ ಬರುವ ಬಹಳಷ್ಟು ಮಂದಿ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಂಡು, 'ಎಷ್ಟು ನುಣುಪು ನೋಡು' ಎಂದು ಕೈಯಾಡಿಸಿ ಹೊರಟುಬಿಡುತ್ತಾರೆ. ನನಗೆ ಇದು ಸಹಿಸಲಾಗದು. ಕಂಬಗಳು ಚೆಂದವೇ. ಆದರೆ ಅವು ನಿಂತಿರುವುದು ಛಾವಣಿಯನ್ನು ಹೊರಲಿಕ್ಕೆ. ಛಾವಣಿ ನೋಡದೆ ಹೋದವರು ಇಟಗಿಯನ್ನು ನೋಡಿಲ್ಲ.

ಕೆತ್ತನೆ ಆಮೇಲೆ, ಮೊದಲು ಸಂದು ನೋಡಿ. ಚಾಲುಕ್ಯರ ಕಾಲದ ಶಿಲ್ಪಿಗಳು ಛಾವಣಿಗೆ ಕಮಾನು ಕಟ್ಟಲಿಲ್ಲ, ಕಲ್ಲಿನ ನಡುವೆ ಗಾರೆ ತುಂಬಲಿಲ್ಲ. ನಾಲ್ಕು ಕಂಬ, ಅವುಗಳ ಮೇಲೆ ನಾಲ್ಕು ತೊಲೆ. ಆ ಚೌಕದ ಮೂಲೆಗಳಿಗೆ ಅಡ್ಡಲಾಗಿ ಕಲ್ಲಿಟ್ಟರೆ ನಡುವಿನ ಬಯಲು ಕಿರಿದಾಗುತ್ತದೆ. ಮುಂದಿನ ವರಸೆ ಇನ್ನಷ್ಟು ಒಳಕ್ಕೆ ಚಾಚುತ್ತದೆ, ಅದರ ಮೇಲಿನದು ಮತ್ತೂ ಒಳಕ್ಕೆ. ಕೊನೆಗೆ ಉಳಿದ ಕಿಂಡಿಗೆ ಒಂದೇ ಮುಚ್ಚುಗಲ್ಲು. ಪ್ರತಿ ಕಲ್ಲೂ ಮಟ್ಟಸವಾಗಿ ಮಲಗಿರುತ್ತದೆ. ಒಳಕ್ಕೆ ಚಾಚಿದ ಮೂತಿ ಜಗ್ಗದಂತೆ ಹಿಂದಿನ ತುದಿಯ ಮೇಲೆ ಭಾರ ಕೂತಿರುತ್ತದೆ. ಒಂಬತ್ತು ಶತಮಾನ ಕಳೆದರೂ ಅದು ನಿಂತಿರುವ ಗುಟ್ಟು ಈ ತೂಕದ ಲೆಕ್ಕದಲ್ಲಿದೆ.

ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಎನಿಸಿಕೊಂಡ ಈ ಗುಡಿಯನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು 1112ರಲ್ಲಿ. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ಡರ್ಹಮ್‌ನಲ್ಲಿ, 1093ರಲ್ಲಿ ಆರಂಭವಾದ ದೊಡ್ಡ ಚರ್ಚಿನ ಮೇಲೆ ಕಲ್ಲಿನ ಪಕ್ಕೆಲುಬುಗಳ ಕಮಾನು ಛಾವಣಿ ಏಳುತ್ತಿತ್ತು. ಅಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ, ಆ ತಳ್ಳುವಿಕೆ ತಡೆಯಲು ದಪ್ಪ ಗೋಡೆ, ಆಸರೆ ಬೇಕು. ಇಲ್ಲಿ ಭಾರವೆಲ್ಲ ನೆಟ್ಟಗೆ ಕಂಬಕ್ಕೇ ಇಳಿಯುತ್ತದೆ. ಅದಕ್ಕೇ ನಮ್ಮ ಮುಖಮಂಟಪಕ್ಕೆ ಗೋಡೆ ಇಲ್ಲದೆ ನಿಲ್ಲುವ ಧೈರ್ಯ.

ನನ್ನ ಕಣ್ಣು ತೆರೆಸಿದವರು ಹಿರಿಯ ಕಲ್ಲುಕುಟಿಗರೊಬ್ಬರು. ಮಕರಗಳನ್ನೂ ಸುರುಳಿಬಳ್ಳಿಯನ್ನೂ ಬಾಯಿಬಿಟ್ಟು ನೋಡುತ್ತಿದ್ದ ನನಗೆ ಅವರು, "ಹೂವು ನೋಡಬ್ಯಾಡ ತಮ್ಮಾ, ಹೂವು ಎಲ್ಲಿ ಸೀಳೈತಿ ಅದನ್ನ ನೋಡು" ಅಂದರು. ದಿಟ್ಟಿಸಿದೆ. ಒಂದು ಎಲೆಯ ಅರ್ಧ ಕೆಳಗಿನ ಕಲ್ಲಿನಲ್ಲಿ, ಇನ್ನರ್ಧ ಮೇಲಿನ ಕಲ್ಲಿನಲ್ಲಿ. ನಡುವೆ ಕೂದಲೆಳೆಯಷ್ಟು ಗೆರೆ. ಅಂದಿನಿಂದ ಯಾವ ಗುಡಿಗೆ ಹೋದರೂ ಆ ಗೆರೆಯನ್ನೇ ಹುಡುಕುತ್ತೇನೆ.

ಇಷ್ಟು ಸಣ್ಣ ಕುಸುರಿಗೆ ಬಳಪದ ಕಲ್ಲೇ ಆಗಬೇಕು. ಗಣಿಯಿಂದ ತೆಗೆದಾಗ ಉಳಿಗೆ ಮೆತ್ತಗೆ, ಗಾಳಿಗೆ ಬಿದ್ದಂತೆ ಗಟ್ಟಿ.

ಹೋಲಿಸಿ ನೋಡಬೇಕೆಂದರೆ ಕುಕನೂರಿನ ನವಲಿಂಗ ಗುಡಿಯನ್ನು ಮೊದಲು ನೋಡಿ. ಅದು ರಾಷ್ಟ್ರಕೂಟರ ಕಾಲದ್ದು, ಇಟಗಿಗಿಂತ ಹಳೆಯದು. ಗಂಗಾವತಿಯ ಕಡೆಗೆ ಹೋದರೆ ಹೊಳೆ ದಾಟಿ ಹಂಪಿಯ ಕಮಲ ಮಹಲಿನಲ್ಲಿ ನಿಜವಾದ ಕಮಾನು ನೋಡಿ. ಕಮಾನಿಗೂ ಇಟಗಿಯ ಛಾವಣಿಗೂ ಇರುವ ವ್ಯತ್ಯಾಸ ಅಲ್ಲಿ ತಾನಾಗಿ ತಿಳಿಯುತ್ತದೆ.

ಇಟಗಿಗೆ ಬೆಳಿಗ್ಗೆಯೇ ಹೋಗಿ. ಗುಡಿ ಮೂಡಣಕ್ಕೆ ಮುಖ ಮಾಡಿದೆ, ಬಿಸಿಲು ಮಂಟಪದೊಳಕ್ಕೆ ಬರುತ್ತದೆ. ಮೊಬೈಲ್ ಜೇಬಿನಲ್ಲಿಟ್ಟು, ಒಂದು ದುರ್ಬೀನು ಹಿಡಿದು, ನೆಲದ ಮೇಲೆ ಅಂಗಾತ ಮಲಗಿ. ಮೂಲೆಯಿಂದ ಮುಚ್ಚುಗಲ್ಲಿನವರೆಗೆ ವರಸೆಗಳನ್ನು ಎಣಿಸಿಕೊಂಡೇ ಎದ್ದೇಳಿ.